ಬೆಲೆ ತಿದ್ದೋಕೆ ಡೆವಲಪರ್ ಬೇಕಾ?

ಇಳಕಲ್‌ನಲ್ಲಿ ಸೀರೆ ಅಂಗಡಿ ಇಟ್ಟಿದ್ದೀರಿ. ಹೊಸ ಸೀರೆ ಬಂದಿವೆ, ವೆಬ್‌ಸೈಟಲ್ಲಿ ಮಾತ್ರ ಹೋದ ದೀಪಾವಳಿಯ ಬೆಲೆ! ತಿದ್ದಬೇಕು ಅಂದ್ರೆ ಸೈಟ್ ಮಾಡಿಕೊಟ್ಟವರಿಗೆ ಫೋನ್ ಮಾಡಿ ಕಾಯಬೇಕು.

ಈ ಪರದಾಟ ತಪ್ಪಿಸೋದೇ ಸಿಎಂಎಸ್, ಅಂದ್ರೆ ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್. ಇದರಲ್ಲಿ ಬರಹ, ಬೆಲೆ ಎಲ್ಲಾ ಡೇಟಾಬೇಸ್‌ನಲ್ಲಿರುತ್ತೆ. ಸೈಟಿನ ರೂಪ, ಅಂದ್ರೆ ಥೀಮ್, ಬೇರೆಯೇ ಇರುತ್ತೆ. ನೀವೇ ಲಾಗಿನ್ ಆಗಿ ಬೆಲೆ ತಿದ್ದಿದ್ರೂ ವಿನ್ಯಾಸ ಕೆಡಲ್ಲ. ಕೋಡಿಂಗ್ ಬರಬೇಕಿಲ್ಲ.

2003ರಲ್ಲಿ ಶುರುವಾದ ವರ್ಡ್‌ಪ್ರೆಸ್ ಇಂಥ ಸಿಎಂಎಸ್‌ಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿದೆ. ತಂತ್ರಾಂಶ ಉಚಿತ, ಕನ್ನಡದಲ್ಲೂ ಬರೀಬಹುದು. ಆನ್‌ಲೈನ್ ಮಾರಾಟಕ್ಕೆ ವೂಕಾಮರ್ಸ್ ಅನ್ನೋ ಪ್ಲಗಿನ್, ಅಂದ್ರೆ ಹೆಚ್ಚುವರಿ ಸೌಲಭ್ಯ ಸೇರಿಸೋ ತಂತ್ರಾಂಶ, ಇದೆ. ಡೊಮೇನ್‌ಗೂ (ಸೈಟಿನ ವಿಳಾಸ) ಹೋಸ್ಟಿಂಗ್‌ಗೂ (ಸೈಟ್ ಇಡೋ ಜಾಗ) ಮಾತ್ರ ದುಡ್ಡು ಕಟ್ಟಬೇಕು.

ಒಂದು ಮಾತು ಒತ್ತಿ ಹೇಳ್ತೀನಿ. ಡೊಮೇನ್ ನಿಮ್ಮ ಹೆಸರಲ್ಲೇ, ನಿಮ್ಮ ಇಮೇಲ್‌ನಲ್ಲೇ ನೋಂದಣಿ ಆಗಿರಲಿ. ಸೈಟ್ ಮಾಡಿದವರ ಹೆಸರಲ್ಲಿದ್ದು, ನಾಳೆ ಅವರು ಕೈಗೆ ಸಿಗದಿದ್ರೆ? ನಿಮ್ಮ ಅಂಗಡಿಯ ಬೋರ್ಡು ಬೇರೆಯವರ ಮನೇಲಿ ಉಳಿದ ಹಾಗೆ. ಅಡ್ಮಿನ್ ಪಾಸ್‌ವರ್ಡನ್ನೂ ಮೊದಲೇ ಕೇಳಿ ಇಸ್ಕೊಳ್ಳಿ.

ಇನ್ನು, ಅಪ್‌ಡೇಟ್ ಆಗದ ಪ್ಲಗಿನ್‌ಗಳಿಂದ ಹ್ಯಾಕರ್‌ಗಳು ಒಳಗೆ ನುಗ್ತಾರೆ. ಮೊದಲು ಬ್ಯಾಕಪ್ ತಗೊಳ್ಳಿ, ಆಮೇಲೆ ಅಪ್‌ಡೇಟ್ ಮಾಡಿ. ಬಳಸದೇ ಇರೋ ಪ್ಲಗಿನ್ ಇದ್ರೆ ಅಳಿಸಿಬಿಡಿ.