ಮರದಲ್ಲಿ ತಾಯಿಯನ್ನು ಕಂಡ ಕುಂಚ: ಬಿ.ಕೆ.ಎಸ್. ವರ್ಮ

ಕಣ್ಣಿಗೆ ಕಂಡ ಲೋಕವನ್ನು ಕಂಡಂತೆಯೇ ಬರೆಯದೆ, ಕನಸಿನಲ್ಲಿ ಒಂದು ವಸ್ತು ಮತ್ತೊಂದಾಗಿ ಮಾರ್ಪಡುವ ಬಗೆಯಲ್ಲಿ ಚಿತ್ರಿಸುವ ಪಂಥವನ್ನು ಕಲಾವಿಮರ್ಶಕರು ಅತಿವಾಸ್ತವವಾದವೆಂದು ಕರೆಯುತ್ತಾರೆ. 1924ರಲ್ಲಿ ಪ್ಯಾರಿಸ್ಸಿನಲ್ಲಿ ಆಂದ್ರೆ ಬ್ರೆಟನ್ ಹೊರಡಿಸಿದ ಪ್ರಣಾಳಿಕೆಯಿಂದ ರೂಪುಗೊಂಡ ಈ ಪಂಥ ಯುರೋಪಿನಲ್ಲಿ ಸುಪ್ತಮನಸ್ಸಿನ ಒಗಟುಗಳತ್ತ ವಾಲಿದರೆ, ಕರ್ನಾಟಕದಲ್ಲಿ ಬಿ.ಕೆ.ಎಸ್. ವರ್ಮರ ಕೈಯಲ್ಲಿ ಅದು ಯಾರಿಗಾದರೂ ಒಂದೇ ನೋಟಕ್ಕೆ ಅರ್ಥವಾಗುವ ಸಾರ್ವಜನಿಕ ಭಾಷೆಯಾಯಿತು.

ಅತ್ತಿಬೆಲೆ ಸಮೀಪದ ಕರ್ನೂರಿನಲ್ಲಿ 1949ರಲ್ಲಿ ಜನಿಸಿದ ವರ್ಮರ ಪೂರ್ಣ ಹೆಸರು ಬುಕ್ಕಸಾಗರ ಕೃಷ್ಣಯ್ಯ ಶ್ರೀನಿವಾಸ. ತಂದೆ ಸಂಗೀತಗಾರರು, ತಾಯಿ ಚಿತ್ರಕಲೆ ಬಲ್ಲವರು. ಎ.ಎನ್. ಸುಬ್ಬರಾಯರು 1919ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ್ದ ಕಲಾಮಂದಿರದ ನಂಟು ಅವರಿಗೆ ದಾರಿ ತೋರಿತು. ರಾಜಾ ರವಿವರ್ಮನ ಮೇಲಿನ ಅಭಿಮಾನದಿಂದ ಅವರು ‘ವರ್ಮ’ ಎಂಬುದನ್ನು ತಮ್ಮ ಹೆಸರಿಗೆ ಸೇರಿಸಿಕೊಂಡರು. ಆ ಅಭಿಮಾನ ಹೆಸರಿಗಷ್ಟೇ ನಿಲ್ಲಲಿಲ್ಲ. ಮೈಬಣ್ಣದ ಹೊಳಪು, ಬಟ್ಟೆಯ ನೆರಿಗೆ, ನೆರಳು-ಬೆಳಕುಗಳ ವಿಷಯದಲ್ಲಿ ಅವರು ರವಿವರ್ಮನ ಶಿಷ್ಯರೇ ಆಗಿದ್ದರು, ಮತ್ತು ಅವರ ಕಲ್ಪನಾಚಿತ್ರಗಳು ನಂಬುವಂತಿದ್ದುದಕ್ಕೆ ಈ ವಾಸ್ತವಶೈಲಿಯ ಹಿಡಿತವೇ ಮುಖ್ಯ ಕಾರಣ.

ಅವರ ಪರಿಸರ ಚಿತ್ರಗಳಲ್ಲಿ ಮರದ ಕಾಂಡವೇ ಹೆಣ್ಣಿನ ಮೈಯಾಗುತ್ತದೆ, ಕೊಂಬೆಗಳು ತೋಳುಗಳಾಗುತ್ತವೆ. ಕೊಡಲಿ ಬೀಳುವುದು ಸೌದೆಯ ಮೇಲಲ್ಲ, ತಾಯಿಯ ಮೇಲೆ ಎಂಬುದನ್ನು ವಿವರಿಸಲು ಅಲ್ಲಿ ಬರಹದ ಅಗತ್ಯವೇ ಬೀಳುವುದಿಲ್ಲ. ಉತ್ತರ ಬೆಂಗಳೂರಿನ ಓದುಗರಿಗೆ ಈ ಚಿತ್ರಗಳು ದೂರದವಲ್ಲ: ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಸುಮಾರು 6.7 ಕಿಲೋಮೀಟರ್ ಉದ್ದದ ಉಕ್ಕಿನ ಮೇಲ್ಸೇತುವೆಗಾಗಿ 812 ಮರಗಳನ್ನು ಕಡಿಯುವ ಪ್ರಸ್ತಾವ 2016ರಲ್ಲಿ ಬಂದಾಗ ನಾಗರಿಕರು ಬೀದಿಗಿಳಿದು ವಿರೋಧಿಸಿದರು, ಮರುವರ್ಷ ಸರ್ಕಾರ ಆ ಯೋಜನೆಯನ್ನು ಕೈಬಿಟ್ಟಿತು. ಮರವನ್ನು ಒಂದು ಸಂಖ್ಯೆಯಾಗಿ ಕಾಣದೆ ಜೀವವಾಗಿ ಕಾಣುವ ಆ ದೃಷ್ಟಿಯನ್ನು ವರ್ಮರು ಅದಕ್ಕೆ ಬಹಳ ಮೊದಲೇ ಚಿತ್ರದಲ್ಲಿ ತಂದಿದ್ದರು.

ಶತಾವಧಾನಿ ಆರ್. ಗಣೇಶರೊಂದಿಗೆ ಅವರು ನಡೆಸಿಕೊಟ್ಟ ‘ಕಾವ್ಯಚಿತ್ರ’ ಕಾರ್ಯಕ್ರಮಗಳ ಸೊಗಸೇ ಬೇರೆ. ಕವಿ ವೇದಿಕೆಯ ಮೇಲೆ ಆಶುಪದ್ಯ, ಅಂದರೆ ಪೂರ್ವಸಿದ್ಧತೆಯಿಲ್ಲದೆ ಆ ಕ್ಷಣದಲ್ಲೇ ಕಟ್ಟುವ ಪದ್ಯವನ್ನು ಹೇಳುತ್ತಿದ್ದಂತೆ, ಚಿತ್ರಕಾರ ಅದೇ ವಸ್ತುವನ್ನು ಸಭೆಯ ಕಣ್ಣೆದುರೇ ಬಣ್ಣದಲ್ಲಿ ಮೂಡಿಸುತ್ತಿದ್ದರು. ಕುಂಚವಿಲ್ಲದೆ ಬರಿಯ ಕೈಯಿಂದಲೂ ಅವರು ಚಿತ್ರ ಬಿಡಿಸಬಲ್ಲವರಾಗಿದ್ದರು. ಈ ವೇಗದಲ್ಲಿ ನಷ್ಟವೂ ಇತ್ತೆನ್ನಬೇಕು, ಏಕೆಂದರೆ ಸಭೆಯ ಚಪ್ಪಾಳೆ ನಿಧಾನದ ಕೆಲಸ ಬೇಡುವ ತಾಳ್ಮೆಗೆ ಅಷ್ಟಾಗಿ ಒಗ್ಗುವುದಿಲ್ಲ. ಆದರೂ ಗ್ಯಾಲರಿಯ ಬಾಗಿಲನ್ನೇ ಕಾಣದ ಸಾವಿರಾರು ಜನ ಚಿತ್ರವೊಂದು ಹುಟ್ಟುವುದನ್ನು ನೋಡಿದ್ದು ಇಂಥ ಸಭೆಗಳಲ್ಲೇ.

2001ರಲ್ಲಿ ರಾಜ್ಯೋತ್ಸವ ಪ್ರಶಸ್ತಿಯೂ 2011ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟೂ ಅವರಿಗೆ ಸಂದವು. 2023ರ ಫೆಬ್ರವರಿ 6ರಂದು ಅವರು ಬೆಂಗಳೂರಿನಲ್ಲಿ ನಿಧನರಾದರು. ಜನಪ್ರಿಯತೆಯನ್ನು ಅನುಮಾನದಿಂದ ನೋಡುವ ಆಧುನಿಕ ಕಲಾವಿಮರ್ಶೆ ಇಂಥ ಚಿತ್ರಕಾರರಿಗೆ ಸಾಕಷ್ಟು ಪುಟಗಳನ್ನು ಕೊಡುವುದಿಲ್ಲ. ಇತ್ತ ಜನರೂ ಚಿತ್ರವನ್ನು ತಮ್ಮದಾಗಿಸಿಕೊಳ್ಳುವ ಭರದಲ್ಲಿ ಬರೆದವರನ್ನು ಮರೆಯುತ್ತಾರೆ: ಅವರು ರೂಪಿಸಿದ ನಾಡದೇವಿ ಭುವನೇಶ್ವರಿಯ ಚಿತ್ರ ರಾಜ್ಯೋತ್ಸವದ ಸಂದರ್ಭದಲ್ಲಿ ನಾಡಿನಾದ್ಯಂತ ಪೂಜೆ ಪಡೆದಿದ್ದರೂ, ಅದನ್ನು ಬರೆದವರು ಯಾರೆಂದು ಕೇಳಿದರೆ ಹೇಳಬಲ್ಲವರು ಕಡಿಮೆ. ಯಲಹಂಕದಲ್ಲಾಗಲಿ, ಯಶವಂತಪುರದಲ್ಲಾಗಲಿ, ಆರ್.ಟಿ. ನಗರದಲ್ಲಾಗಲಿ ನವೆಂಬರ್ 1ರಂದು ಆ ಚಿತ್ರವನ್ನು ಅಚ್ಚು ಹಾಕಿಸುವ ಸಂಘಗಳು ಅದರ ಕೆಳಗೆ ಬಿ.ಕೆ.ಎಸ್. ವರ್ಮ ಎಂಬ ಹೆಸರನ್ನೂ ಅಚ್ಚು ಮಾಡಿಸಬೇಕು.