ಸೂರ್ಯನ ಕಲೆ, ಬಿಜಾಪುರದ ಬರ, ಗೋಧಿಯ ದರ

ಸೂರ್ಯ ಸೊರಗಿದ್ದಾನೆಂದು ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ ದೇವರ ಹಿಪ್ಪರಗಿಯ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಹೇಳಿದರೆ, "ಇವಗ ಬಿಸಲ ತಲೀಗೇರೇದ ನೋಡ್ರಿ" ಎಂದು ಸಿಂದಗಿ ಬಸ್ಸಿಗೆ ಕಾದವರು ನಕ್ಕಾರು. ಆದರೆ ಮಾತು ಪೂರ್ತಿ ಸುಳ್ಳಲ್ಲ. 2008ರ ಕೊನೆಯಿಂದ 2019ರ ಕೊನೆಯವರೆಗೆ ನಡೆದ ಸೂರ್ಯನ 24ನೆಯ ಆವರ್ತ ಸುಮಾರು ನೂರು ವರ್ಷಗಳಲ್ಲೇ ಅತ್ಯಂತ ದುರ್ಬಲವೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. 2008ನೇ ಇಸವಿಯೊಂದರಲ್ಲೇ 260ಕ್ಕೂ ಹೆಚ್ಚು ದಿನ ಸೂರ್ಯನ ಮೈಮೇಲೆ ಒಂದು ಕಲೆಯೂ ಇರಲಿಲ್ಲ.

ಹಂಗಾದ್ರ ಬಿಸಿಲು ಯಾಕ ಕಡಿಮಿ ಆಗಲಿಲ್ಲ? ದುರ್ಬಲವಾದದ್ದು ಶಾಖವಲ್ಲ, ಕಲೆಗಳ ಸಂಖ್ಯೆ. ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ ಕುದಿಯುವಾಗ ಅಲ್ಲಲ್ಲಿ ಬಲವಾದ ಕಾಂತಶಕ್ತಿ ಕೆಳಗಿನ ಶಾಖವನ್ನು ತಡೆಯುತ್ತದೆ. ಅಷ್ಟು ಜಾಗ 4,000 ಡಿಗ್ರಿಯ ಆಸುಪಾಸಿಗೆ ಇಳಿದು ಕಪ್ಪಾಗಿ ಕಾಣುತ್ತದೆ. ಈ ಕಲೆಗಳು ಸರಾಸರಿ 11 ವರ್ಷಕ್ಕೊಮ್ಮೆ ಹೆಚ್ಚಿ ಇಳಿಯುತ್ತವೆ. ಹೆಚ್ಚಿದಾಗಲೂ ಇಳಿದಾಗಲೂ ನಮಗೆ ತಲುಪುವ ಶಾಖದಲ್ಲಿ ವ್ಯತ್ಯಾಸ ಸಾವಿರಕ್ಕೆ ಒಂದು ಪಾಲು. ಸಾವಿರ ರೂಪಾಯಿ ವ್ಯಾಪಾರದಾಗ ಒಂದು ರೂಪಾಯಿ ಚಿಲ್ಲರೆ ಬಿಟ್ಟಂಗ.

ಕಾಳುಕಡಿ ಅಂಗಡಿಯವರು ಕೇಳಬೇಕಾದ ಕಥೆ ಒಂದಿದೆ. 1801ರಲ್ಲಿ ಇಂಗ್ಲೆಂಡಿನ ವಿಲಿಯಂ ಹರ್ಷೆಲ್ ಎಂಬ ಖಗೋಳಜ್ಞ ಹಳೆಯ ದರಪಟ್ಟಿ ತೆಗೆದು, ಸೂರ್ಯನಲ್ಲಿ ಕಲೆ ಕಡಿಮೆಯಾದ ಕಾಲದಲ್ಲಿ ಗೋಧಿಯ ಬೆಲೆ ಏರಿದೆ ಎಂದ. ಆಗಲೇ ಹಲವರು ನಕ್ಕರು. ಆದರೂ ಈ ವಿಚಾರ ಸಾಯಲಿಲ್ಲ. 1876ರಿಂದ 78ರವರೆಗಿನ ಭೀಕರ ಬರಕ್ಕೆ ಬಿಜಾಪುರ ಸೀಮೆ ತತ್ತರಿಸಿತು. ಆಗಿದು ಕಲಾದಗಿ ಜಿಲ್ಲೆ. ಅದೇ 1877ರಲ್ಲಿ ಲಾಕ್ಯರ್ ಮತ್ತು ಹಂಟರ್ ಎಂಬಿಬ್ಬರು, ಸೂರ್ಯನಲ್ಲಿ ಕಲೆ ಇಳಿದಾಗ ಮದರಾಸ್ ಪ್ರಾಂತದಲ್ಲಿ ಮಳೆ ಇಳಿದು ಬರ ಬೀಳುತ್ತದೆಂದು ಲೇಖನ ಬರೆದರು. ಕಲೆಗಳು ಆಗ ಇಳಿಮುಖವಾಗಿದ್ದುದು ನಿಜ, 1878ರ ಕೊನೆಗೆ ತಳ ಮುಟ್ಟಿದವು. ಆದರೆ ಮಳೆ ಕೈಕೊಟ್ಟದ್ದಕ್ಕೆ ಮುಖ್ಯ ಕಾರಣ ಪೆಸಿಫಿಕ್ ಸಾಗರದ ನೀರು ಮಿತಿಮೀರಿ ಕಾದ ಎಲ್ ನಿನೊ ಎಂಬುದು ಈಗ ಗೊತ್ತಾಗಿದೆ. ಮಳೆ ಇಲ್ಲದ್ದು ಒಂದು ಮಾತು, ಹೊಟ್ಟೆಗಿಲ್ಲದ್ದು ಇನ್ನೊಂದು. ಜನ ಸಾಯುತ್ತಿದ್ದ ಆ ವರ್ಷಗಳಲ್ಲೂ ದೇಶದ ಧಾನ್ಯ ಹಡಗು ಹತ್ತಿ ವಿಲಾಯತಿಗೆ ಹೋಗುತ್ತಲೇ ಇತ್ತು. ಅದಕ್ಕೆ ಸೂರ್ಯನೇನು ಮಾಡ್ಯಾನು?

ಆ ಬರದ ಭಯದಿಂದ ಒಂದು ಒಳ್ಳೆಯದೂ ಆಯಿತು. ಮಳೆಯ ಗುಟ್ಟು ಸೂರ್ಯನಲ್ಲಿ ಸಿಕ್ಕೀತೆಂಬ ಆಸೆಗೆ ಸರಕಾರ ಮದರಾಸಿನ ವೀಕ್ಷಣಾಲಯವನ್ನು 1899ರಲ್ಲಿ ಕೊಡೈಕನಾಲ್ ಬೆಟ್ಟಕ್ಕೆ ಸಾಗಿಸಿತು. ಗುಟ್ಟು ಸಿಗಲಿಲ್ಲ, ಸೂರ್ಯನ ಫೋಟೋ ಸಿಕ್ಕವು. ನೂರಕ್ಕೂ ಹೆಚ್ಚು ವರ್ಷ ಮೋಡವಿಲ್ಲದ ದಿನಗಳಂದು ತೆಗೆದ ಈ ಚಿತ್ರಗಳ ಸಂಗ್ರಹ ಜಗತ್ತಿನಲ್ಲೇ ಅಪರೂಪದ್ದು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಅದನ್ನು ನೋಡಿಕೊಳ್ಳುತ್ತಿದೆ. ಒಂದು ಆವರ್ತ ದುರ್ಬಲವೋ ಪ್ರಬಲವೋ ಎಂದು ಹೇಳಬೇಕಾದರೆ ಇಂಥ ಹಳೆಯ ಖಾತೆಪುಸ್ತಕವೇ ಬೇಕು.

ನಮ್ಮ ಜಿಲ್ಲೆಯ ಪಾಲೂ ಈ ಖಾತೆಯಲ್ಲಿದೆ. 1868ರ ಆಗಸ್ಟ್ 18ರ ಬೆಳಿಗ್ಗೆ ಖಗ್ರಾಸ ಗ್ರಹಣದ ನೆರಳು ಬಿಜಾಪುರ, ಹಿಪ್ಪರಗಿ ಸೀಮೆಯ ಮೇಲೆ ಹಾದು ಸುಮಾರು ಐದು ನಿಮಿಷ ಹಗಲನ್ನೇ ನುಂಗಿತು. ಬಿಜಾಪುರದಲ್ಲಿ ಕ್ಯಾಪ್ಟನ್ ಹೇಗ್ ಯಂತ್ರ ಹೂಡಿದ್ದ. ಜಮಖಂಡಿಯಲ್ಲಿ ಮೋಡದ ಸಂದಿನಲ್ಲಿ ಸೂರ್ಯನನ್ನು ಹಿಡಿದವನು ಜಾನ್ ಹರ್ಷೆಲ್. ಗೋಧಿ ದರ ನೋಡಿದ ವಿಲಿಯಂನ ಮೊಮ್ಮಗ! ಸೂರ್ಯನ ಅಂಚಿನಲ್ಲಿ ಕಂಡ ಕೆಂಪು ಜ್ವಾಲೆಗಳು ಉರಿಯುವ ಅನಿಲವೆಂದು ಅಂದೇ ಖಚಿತವಾಯಿತು. ಆಗ ಕಲೆಗಳಿಗೆ ಸುಗ್ಗಿಯ ಕಾಲವಲ್ಲ, ಹಿಂದಿನ ವರ್ಷವಷ್ಟೇ ಅವು ತಳ ಮುಟ್ಟಿದ್ದವು. ಆದರೂ ಜ್ವಾಲೆ ಭಾರಿಯಾಗಿತ್ತು.

ದುರ್ಬಲನೆಂದು ಸದರ ಕೊಡುವಂತಿಲ್ಲ. 24ನೆಯ ಆವರ್ತ ಮುಗಿಯುತ್ತ ಬಂದಾಗ, 2017ರ ಸೆಪ್ಟೆಂಬರ್ 6ರಂದು, ಆ ಆವರ್ತದ ಅತಿ ದೊಡ್ಡ ಸೌರಸ್ಫೋಟ ಸಿಡಿದು ಭೂಮಿಯ ಹಗಲಿನ ಭಾಗದಲ್ಲಿ ದೂರದ ರೇಡಿಯೋ ಸಂಪರ್ಕ ಕೆಡಿಸಿತು. 25ನೆಯದೂ ಸಪ್ಪೆಯೇ ಎಂದು ಹಲವು ಪಂಡಿತರು ನುಡಿದಿದ್ದರು. ಅದು ಅವರ ಅಂದಾಜು ಮೀರಿ 2024ರಲ್ಲಿ ಶಿಖರ ಮುಟ್ಟಿತು, ಮೇ ತಿಂಗಳ ಬಿರುಗಾಳಿಗೆ ಲಡಾಖಿನ ಹಾನ್ಲೆಯಲ್ಲೂ ಆಕಾಶ ಕೆಂಪಾಯಿತು. ಈಗ ಸೂರ್ಯನ ಕಾವಲಿಗೆ ಆದಿತ್ಯ-ಎಲ್1 ನೌಕೆ 15 ಲಕ್ಷ ಕಿ.ಮೀ. ದೂರದಲ್ಲಿ ನಿಂತಿದೆ.

ಕಲೆ ನೋಡುವ ಆಸೆಯಿದ್ದವರು ಬರಿಗಣ್ಣು, ಎಕ್ಸ್‌ರೇ ಫಿಲ್ಮು, ಮಸಿ ಹಿಡಿಸಿದ ಗಾಜು, ಸಗಣಿನೀರಿನ ಬುಟ್ಟಿ ಇವ್ಯಾವನ್ನೂ ನಂಬಬಾರದು. ದುರ್ಬೀನಿಗೆ ಕಣ್ಣಿಟ್ಟರಂತೂ ಕಣ್ಣು ಹೋಯಿತೆಂದೇ ತಿಳಿಯಿರಿ. ಸಣ್ಣ ಕನ್ನಡಿಗೆ ಕಾಗದ ಅಂಟಿಸಿ, ನಡುವೆ ಬಟಾಣಿಯಷ್ಟು ತೂತು ಬಿಟ್ಟು, ಬಿಸಿಲನ್ನು ಕತ್ತಲೆ ಅಂಗಡಿಯ ಒಳಗೋಡೆಗೆ ಹೊಡೆಯಿರಿ. ಹತ್ತು ಮೀಟರ್ ದೂರದಲ್ಲಿ ಒಂಬತ್ತು ಸೆಂಟಿಮೀಟರಿನ ಸೂರ್ಯ ಮೂಡುತ್ತಾನೆ. ಕನ್ನಡಿಗೆ ಬೆನ್ನು ಮಾಡಿ ಗೋಡೆಯನ್ನಷ್ಟೇ ನೋಡಬೇಕು. ತೀರ ದೊಡ್ಡ ಕಲೆಯಿದ್ದರೆ ಮಸಕಾಗಿ ಕಂಡೀತು. ಇಲ್ಲದ ದಿನ ಗೋಡೆಯ ಮೇಲೆ ಬರೀ ಬಿಳಿ ಬಿಲ್ಲೆ.