ಚೆಲ್ಸಿಯ ಗಿಡಮೂಲಿಕೆ ತೋಟ

ಊರಿನಿಂದ ಹಿರಿಯರು ಲಂಡನ್ನಿಗೆ ಬಂದರೆ ನಾವೆಲ್ಲ ತೋರಿಸುವ ಪಟ್ಟಿ ಒಂದೇ: ಸೇತುವೆ, ಅರಮನೆ, ಮೇಣದ ಬೊಂಬೆಗಳು. ಮೂರನೆಯ ದಿನಕ್ಕೆ ಅವರಿಗೆ ಕಾಲುನೋವು, ನಮಗೆ ತಲೆನೋವು. ಸದಸ್ಯ ಬಂಧುಗಳು ಈ ಪಟ್ಟಿಗೆ ಚೆಲ್ಸಿ ಫಿಸಿಕ್ ಗಾರ್ಡನ್ನನ್ನೂ ಸೇರಿಸಿಕೊಳ್ಳಬೇಕೆಂದು ನಮ್ಮ ವಿನಂತಿ.

ಸ್ಲೋನ್ ಸ್ಕ್ವೇರ್ ನಿಲ್ದಾಣದಲ್ಲಿ ಇಳಿದು ಸ್ವಲ್ಪ ದೂರ ನಡೆದರೆ ಎತ್ತರದ ಇಟ್ಟಿಗೆ ಗೋಡೆ ಸಿಗುತ್ತದೆ. ಹೊರಗೆ ಥೇಮ್ಸ್ ದಂಡೆಯ ರಸ್ತೆಯಲ್ಲಿ ವಾಹನಗಳ ಭರಾಟೆ. ಒಳಗೆ ಜೇನ್ನೊಣದ ಸದ್ದು ಕೇಳುವಷ್ಟು ಶಾಂತಿ. ಸುಮಾರು 4 ಎಕರೆಯ ಈ ತೋಟವನ್ನು 1673ರಲ್ಲಿ ಲಂಡನ್ನಿನ ಔಷಧಿ ತಯಾರಕರ ಸಂಘದವರು ತಮ್ಮ ಶಿಷ್ಯರಿಗೆ ಗಿಡಗಳ ಗುರುತು ಕಲಿಸಲೆಂದು ಆರಂಭಿಸಿದರು. ಮದ್ದಿನ ಗಿಡ ಯಾವುದು, ವಿಷದ ಗಿಡ ಯಾವುದೆಂದು ತಿಳಿಯದವನು ಮದ್ದು ಅರೆದರೆ ರೋಗಿಯ ಗತಿಯೇನು? ಗೋಡೆಗಳು ಬಿಸಿಲನ್ನು ಹಿಡಿದಿಡುವುದರಿಂದ ಇಲ್ಲಿ ಆಲಿವ್ ಮರವೂ ಬಯಲಿನಲ್ಲೇ ಬೆಳೆದಿದೆ.

ಹಣದ ಮುಗ್ಗಟ್ಟಿನಿಂದ ತೋಟ ಒಮ್ಮೆ ಕೈಬಿಟ್ಟುಹೋಗುವುದರಲ್ಲಿತ್ತು. ಯೌವನದಲ್ಲಿ ಇಲ್ಲೇ ಕಲಿತಿದ್ದ ವೈದ್ಯ ಹ್ಯಾನ್ಸ್ ಸ್ಲೋನ್ 1712ರಲ್ಲಿ ಚೆಲ್ಸಿಯ ಜಹಗೀರನ್ನು ಕೊಂಡರು. 1722ರಲ್ಲಿ ಅವರು ಈ ಜಾಗವನ್ನು ವರ್ಷಕ್ಕೆ 5 ಪೌಂಡು ಬಾಡಿಗೆಗೆ ಶಾಶ್ವತವಾಗಿ ಬಿಟ್ಟುಕೊಟ್ಟರು. ಷರತ್ತು ಇಷ್ಟೇ: ತೋಟ ತೋಟವಾಗಿಯೇ ಉಳಿಯಬೇಕು, ಒಟ್ಟು 2,000 ಆಗುವವರೆಗೆ ವರ್ಷಕ್ಕೆ 50ರಂತೆ ಒಣಗಿಸಿದ ಗಿಡಗಳ ಮಾದರಿಗಳನ್ನು ರಾಯಲ್ ಸೊಸೈಟಿಗೆ ಒಪ್ಪಿಸಬೇಕು. ಇಂದು ಅದೇ ಬೀದಿಯಲ್ಲಿ 5 ಪೌಂಡಿಗೆ ಎರಡು ಕಾಫಿ ಸಿಗುವುದೂ ಅನುಮಾನ! ತೋಟದ ಬಾಗಿಲು ಸಾರ್ವಜನಿಕರಿಗೆ ತೆರೆದದ್ದು 1983ರಲ್ಲಿ.

ನಮ್ಮೊಡನೆ ಬಂದಿದ್ದ ಅಮ್ಮ, ಲಂಡನ್ನಿಗೆ ಬಂದು ತಿಂಗಳಾದರೂ, "ಇಲ್ಲಿ ನನಗೆ ಗೊತ್ತಿರೋದು ಒಂದೂ ಇಲ್ವಲ್ಲ" ಎನ್ನುತ್ತಿದ್ದರು. ಇಲ್ಲಿ ಒಂದು ಗಿಡದ ಮುಂದೆ ಥಟ್ಟನೆ ನಿಂತರು. "ಅಯ್ಯೋ, ಇದು ನಮ್ಮ ಹಿತ್ತಲ ನಿತ್ಯಪುಷ್ಪ ಅಲ್ವೇನೋ!" ಇದರ ತವರು ಮಡಗಾಸ್ಕರ್. 1950ರ ದಶಕದಲ್ಲಿ ಇದರಲ್ಲಿ ಪತ್ತೆಯಾದ ಸತ್ವಗಳಿಂದ ಮಕ್ಕಳ ರಕ್ತ ಕ್ಯಾನ್ಸರಿಗೂ ಮದ್ದು ದೊರಕಿತು. ಫಲಕ ಓದಿದ ಮೊಮ್ಮಗಳು ಅದನ್ನು ಅಜ್ಜಿಗೆ ಹೇಳಿದಳು. ಯಾವ ಹೂವು ದೇವರಿಗೆ, ಯಾವ ಸೊಪ್ಪು ಕೆಮ್ಮಿಗೆ ಎಂದು ಅಜ್ಜಿ ಅವಳಿಗೆ ಹೇಳಿದರು. ಮನೆಯಲ್ಲಿ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ ಆ ಮಧ್ಯಾಹ್ನವೆಲ್ಲ "ಅಜ್ಜಿ, ಇದು ಯಾವ ಗಿಡ?" ಎಂದು ಕನ್ನಡದಲ್ಲೇ ಕೇಳುತ್ತಿದ್ದಳು.

ಪ್ರವೇಶಕ್ಕೆ ಶುಲ್ಕವುಂಟು, ತೆರೆದಿರುವ ದಿನಗಳನ್ನು ಮೊದಲೇ ವಿಚಾರಿಸಿಕೊಳ್ಳಿ. ಅರ್ಧ ದಿನವಾದರೂ ಬಿಡುವು ಮಾಡಿಕೊಂಡು ಹೋಗಿ. ಹಿರಿಯರನ್ನು ಮುಂದೆ ನಡೆಯಲು ಬಿಡಿ, ಮಕ್ಕಳು ಅವರ ಜೊತೆಗಿರಲಿ.